ವಿದೇಶದಲ್ಲಿ ಇಂಟರ್ನ್‌ಶಿಪ್: ಕೆಲಸದ ಜೊತೆಗೆ ನಮ್ಮನ್ನೂ ಕಲಿಯುವ ಬಗೆ

ವಿದೇಶದಲ್ಲಿ ಇಂಟರ್ನ್‌ಶಿಪ್ ಮುಗಿಸಿ ಬಂದ ವಿದ್ಯಾರ್ಥಿಯನ್ನು “ಏನು ಕಲಿತೆ?” ಎಂದು ಕೇಳಿದರೆ ಒಂದು ತಂತ್ರಾಂಶದ ಹೆಸರೋ ಯಂತ್ರದ ಹೆಸರೋ ಥಟ್ಟನೆ ಬಾಯಿಗೆ ಬರುತ್ತದೆ. “ನಿನ್ನಲ್ಲಿ ಏನು ಬದಲಾಯಿತು?” ಎಂದರೆ ಮಾತ್ರ ಸ್ವಲ್ಪ ಹೊತ್ತು ಮೌನ, ಆಮೇಲೆ “ಒಳ್ಳೆಯ ಅನುಭವ ಆಯಿತು” ಎಂಬ ಮಾತು. ಬದಲಾವಣೆ ಆಗಿಯೇ ಇಲ್ಲವೆಂದು ಇದರ ಅರ್ಥವಲ್ಲ. ಆದದ್ದನ್ನು ಆಗುವಾಗಲೇ ಗಮನಿಸಿ ಇಟ್ಟುಕೊಂಡಿಲ್ಲ, ಅಷ್ಟೆ.

ಜರ್ಮನಿಯ ಯೇನಾ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ವಿದೇಶದಲ್ಲಿ ಕೆಲಕಾಲ ಇದ್ದು ಬಂದ ವಿದ್ಯಾರ್ಥಿಗಳನ್ನೂ ಎಲ್ಲಿಗೂ ಹೋಗದೆ ಓದು ಮುಂದುವರಿಸಿದವರನ್ನೂ ಹೋಲಿಸಿ ನೋಡಿದ್ದರು. ಹೋಗಿ ಬಂದವರಲ್ಲಿ ಹೊಸದಕ್ಕೆ ತೆರೆದುಕೊಳ್ಳುವ ಗುಣವೂ ಇತರರೊಂದಿಗೆ ಹೊಂದಿಕೊಳ್ಳುವ ಗುಣವೂ ಹೆಚ್ಚಾಗಿದ್ದವು. ಸಣ್ಣದಕ್ಕೂ ಕಳವಳಪಡುವ ಸ್ವಭಾವ ಕಡಿಮೆಯಾಗಿತ್ತು. ಈ ಬದಲಾವಣೆಯ ಹಿಂದೆ ಅಲ್ಲಿ ಬೆಳೆದ ಹೊಸ ಸಂಬಂಧಗಳ ಪಾತ್ರ ದೊಡ್ಡದೆಂದು ಅವರು ಕಂಡುಕೊಂಡರು. 2018ರಲ್ಲಿ ಬಂದ ಮತ್ತೊಂದು ಸಂಶೋಧನೆ, ವಿದೇಶವಾಸದಿಂದ ‘ನಾನು ಯಾರು’ ಎಂಬ ತಿಳಿವು ಸ್ಪಷ್ಟವಾಗುತ್ತದೆ ಎಂದು ತೋರಿಸಿತು. ಅಲ್ಲಿ ಲೆಕ್ಕಕ್ಕೆ ಬಂದದ್ದು ಎಷ್ಟು ದೇಶ ಸುತ್ತಿದರೆಂಬುದಲ್ಲ, ಎಷ್ಟು ಕಾಲ ನೆಲೆಸಿದರೆಂಬುದು. ಅದಕ್ಕಿಂತ ಮುಖ್ಯವಾಗಿ, ತಾವು ನಂಬಿದ ಮೌಲ್ಯಗಳು ನಿಜವಾಗಿ ತಮ್ಮವೋ ಅಥವಾ ಬೆಳೆದ ಪರಿಸರ ಕೊಟ್ಟವೋ ಎಂದು ಅವರು ಯೋಚಿಸಿದರೇ ಎಂಬುದು.

ಇಂಟರ್ನ್‌ಶಿಪ್‌ನ ಅವಧಿ ಸಾಮಾನ್ಯವಾಗಿ ಎರಡು ತಿಂಗಳಿಂದ ಆರು ತಿಂಗಳು. ಕಾಲವನ್ನು ಹಿಗ್ಗಿಸುವುದು ನಮ್ಮ ಕೈಯಲ್ಲಿಲ್ಲ. ಸಂಬಂಧ ಕಟ್ಟಿಕೊಳ್ಳುವುದು, ಕುಳಿತು ಯೋಚಿಸುವುದು ಇವೆರಡೂ ನಮ್ಮ ಕೈಯಲ್ಲಿವೆ. ಕೆಳಗಿನ ಹೆಜ್ಜೆಗಳೆಲ್ಲ ಹೆಚ್ಚುಕಡಿಮೆ ಇವೆರಡರ ಸುತ್ತಲೇ ತಿರುಗುತ್ತವೆ.

ಮೊದಲ ಹೆಜ್ಜೆ: ಹೊರಡುವ ಮುನ್ನ ಗುರಿಯನ್ನು ಕಣ್ಣಿಗೆ ಕಾಣುವಂತೆ ಬರೆಯಿರಿ

“ಆತ್ಮವಿಶ್ವಾಸ ಬೆಳೆಸಿಕೊಳ್ಳುತ್ತೇನೆ” ಎಂಬುದು ಗುರಿಯಲ್ಲ, ಆಸೆ. ಅದು ನೆರವೇರಿತೋ ಇಲ್ಲವೋ ಎಂದು ಹೊರಗಿನವರಿರಲಿ, ನಿಮಗೂ ಗೊತ್ತಾಗುವುದಿಲ್ಲ. “ಪ್ರತಿ ವಾರದ ಸಭೆಯಲ್ಲಿ ಒಂದು ಪ್ರಶ್ನೆಯನ್ನಾದರೂ ಕೇಳುತ್ತೇನೆ”, “ಕೆಲಸ ತಡವಾಗುವುದಾದರೆ ಗಡುವಿನ ಹಿಂದಿನ ದಿನವೇ ತಿಳಿಸುತ್ತೇನೆ” ಎಂದು ಬರೆದರೆ ಅದು ನಡೆದದ್ದೂ ನಡೆಯದ್ದೂ ಕಾಣುತ್ತದೆ. ಕೆಲಸಕ್ಕೆ ಸಂಬಂಧಿಸಿದ ಒಂದು ಕೌಶಲ, ಜನರೊಂದಿಗೆ ವ್ಯವಹರಿಸುವ ರೀತಿಯಲ್ಲಿ ಒಂದು ಬದಲಾವಣೆ, ಒಬ್ಬರೇ ಬದುಕು ನಡೆಸುವುದಕ್ಕೆ ಬೇಕಾದ ಒಂದು ಅಭ್ಯಾಸ ಹೀಗೆ ಮೂರು ವಾಕ್ಯಗಳು ಸಾಕು. ಹತ್ತು ಬರೆದವರು ಸಾಮಾನ್ಯವಾಗಿ ಮೂರನೆಯ ವಾರದಲ್ಲಿ ಪಟ್ಟಿಯನ್ನೇ ಮರೆತಿರುತ್ತಾರೆ.

ಕೆಲಸದ ಗುರಿಯನ್ನು ಅಧಿಕೃತ ಕಾಗದದೊಳಗೆ ಸೇರಿಸುವ ಅವಕಾಶವಿದ್ದರೆ ಬಿಡಬೇಡಿ. ಯುರೋಪಿನ ಎರಾಸ್ಮಸ್ ಯೋಜನೆಯಡಿ ತರಬೇತಿಗೆ ಹೋಗುವವರ ಕಲಿಕಾ ಒಪ್ಪಂದಕ್ಕೆ ವಿದ್ಯಾರ್ಥಿ, ಕಳುಹಿಸುವ ವಿದ್ಯಾಸಂಸ್ಥೆ, ಬರಮಾಡಿಕೊಳ್ಳುವ ಸಂಸ್ಥೆ ಮೂವರೂ ಸಹಿ ಹಾಕುತ್ತಾರೆ. ಅಮೆರಿಕದ ಜೆ-1 ವೀಸಾದಲ್ಲಿ ಇಂಟರ್ನ್ ಆಗಿ ಹೋಗುವವರಿಗೆ ಡಿಎಸ್-7002 ಎಂಬ ತರಬೇತಿ ಯೋಜನೆಯ ನಮೂನೆ ಇದೆ. ಏನು ಕಲಿಸಲಾಗುತ್ತದೆ, ಯಾರು ಮೇಲ್ವಿಚಾರಣೆ ಮಾಡುತ್ತಾರೆ ಎಂಬುದನ್ನು ಅದರಲ್ಲಿ ಬರೆಯಲೇಬೇಕು. ಬಹುತೇಕರು ಇವನ್ನು ವೀಸಾದ ತಲೆನೋವೆಂದು ಬಗೆದು ಯಾರೋ ತುಂಬಿಕೊಟ್ಟದ್ದಕ್ಕೆ ಸಹಿ ಹಾಕಿಬಿಡುತ್ತಾರೆ. ಅದು ನಷ್ಟದ ವ್ಯವಹಾರ. ಎರಡು ತಿಂಗಳ ನಂತರ ದಿನವಿಡೀ ಜೆರಾಕ್ಸ್ ಮಾಡಿಸುತ್ತಿದ್ದರೆ ತೋರಿಸಿ ಮಾತಾಡಲು ನಿಮ್ಮ ಕೈಯಲ್ಲಿರುವುದು ಅದೊಂದೇ ಕಾಗದ. ಅಂಥ ನಮೂನೆ ಇಲ್ಲದ ಕಡೆ ಅದೇ ವಿಷಯಗಳನ್ನು ಒಂದು ಪುಟದಲ್ಲಿ ನೀವೇ ಬರೆದು, ಹೊರಡುವ ಮುನ್ನ ಮಾರ್ಗದರ್ಶಕರಿಗೆ ಇಮೇಲ್‌ನಲ್ಲಿ ಕಳುಹಿಸಿ ಅವರ ಅಭಿಪ್ರಾಯ ಕೇಳಿ.

ವೀಸಾ ವಿಷಯದಲ್ಲಿ ಹೇಳಬೇಕಾದದ್ದು ಸ್ವಲ್ಪವೇ. ಪ್ರವಾಸಿ ವೀಸಾದಲ್ಲಿ ಹೋಗಿ ಕೆಲಸಕ್ಕೆ ಸೇರುವ ಯೋಚನೆಯನ್ನೇ ಮಾಡಬೇಡಿ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಷೆಂಗೆನ್ ದೇಶಗಳಲ್ಲಿ ಅಲ್ಪಾವಧಿಯ ವಾಸ್ತವ್ಯವು ಯಾವುದೇ 180 ದಿನಗಳಲ್ಲಿ 90 ದಿನಗಳನ್ನು ಮೀರುವಂತಿಲ್ಲ, ಜೆ-1ರ ಇಂಟರ್ನ್ ವರ್ಗಕ್ಕೆ 12 ತಿಂಗಳೇ ಗರಿಷ್ಠ ಮಿತಿ. ಕಾಗದಪತ್ರದ ಭಯವನ್ನು ಹೊತ್ತುಕೊಂಡವರಿಗೆ ಬೇರೆ ಯಾವ ಕಲಿಕೆಗೂ ಮನಸ್ಸು ಬಿಡುವು ಕೊಡುವುದಿಲ್ಲ.

ಹೊರಡುವ ಹಿಂದಿನ ವಾರ ನಿಮಗೆ ನೀವೇ ಒಂದು ಪತ್ರ ಬರೆದುಕೊಳ್ಳಿ. ಕನಸುಗಳ ಪತ್ರವಲ್ಲ, ಸದ್ಯದ ಸ್ಥಿತಿಯ ಪತ್ರ. ಯಾರಾದರೂ ನಿಮ್ಮ ಕೆಲಸವನ್ನು ಎಲ್ಲರೆದುರು ಟೀಕಿಸಿದರೆ ಈಗ ನೀವು ಏನು ಮಾಡುತ್ತೀರಿ? ಅಪರಿಚಿತರಿಗೆ ಫೋನ್ ಮಾಡಬೇಕಾದರೆ ಎಷ್ಟು ಹೊತ್ತು ಮುಂದೂಡುತ್ತೀರಿ? ನಿಮಗೆ ಒಪ್ಪಿಗೆಯಿಲ್ಲದ ಮಾತಿಗೆ ತಲೆಯಾಡಿಸುತ್ತೀರೋ, ಬಾಯಿ ತೆರೆಯುತ್ತೀರೋ? ಉತ್ತರಗಳನ್ನು ಪ್ರಾಮಾಣಿಕವಾಗಿ ಬರೆದು ಲಕೋಟೆಗೆ ಹಾಕಿ ಅಂಟಿಸಿ ಮನೆಯಲ್ಲೇ ಬಿಟ್ಟು ಹೊರಡಿ. ಎತ್ತರ ಅಳೆಯಲು ಗೋಡೆಯ ಮೇಲೆ ಮೊದಲ ಗೆರೆ ಬೇಕಲ್ಲವೇ?

ಎರಡನೆಯ ಹೆಜ್ಜೆ: ಮೊದಲೆರಡು ವಾರ ಕಣ್ಣು ಕಿವಿಗೆ ಹೆಚ್ಚು ಕೆಲಸ ಕೊಡಿ

ಪ್ರತಿ ಕಚೇರಿಗೂ ಬರೆದಿಟ್ಟ ನಿಯಮಗಳು ಒಂದಿಷ್ಟು, ಬರೆಯದ ನಿಯಮಗಳು ಅದರ ಹತ್ತು ಪಾಲು. ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1970ರ ದಶಕದಲ್ಲಿ ಸಂಸ್ಕೃತಿಗಳನ್ನು ನೋಡಲು ಒಂದು ಬಗೆಯನ್ನು ತೋರಿಸಿದರು: ಕೆಲವೆಡೆ ಅರ್ಥವೆಲ್ಲ ಆಡಿದ ಮಾತಿನಲ್ಲೇ ಇರುತ್ತದೆ, ಇನ್ನು ಕೆಲವೆಡೆ ಬಹುಪಾಲು ಅರ್ಥ ಸಂದರ್ಭದಲ್ಲಿ, ಸಂಬಂಧದಲ್ಲಿ, ಮೌನದಲ್ಲಿ ಅಡಗಿರುತ್ತದೆ. ಜಪಾನಿನ ಕಚೇರಿಗಳಲ್ಲಿ ಹೊಸಬರಿಗೆ ಮೊದಲು ಕಲಿಸುವ ‘ಹೋರೆನ್ಸೋ’ ಎಂಬ ಪದ್ಧತಿಯಲ್ಲಿ ಕೆಲಸದ ಸ್ಥಿತಿಯನ್ನು ವರದಿ ಮಾಡುವುದು, ಸಂಬಂಧಪಟ್ಟವರಿಗೆ ತಿಳಿಸುವುದು, ತೀರ್ಮಾನಕ್ಕೆ ಮುನ್ನ ಸಮಾಲೋಚಿಸುವುದು ಸೇರಿವೆ. ಅಲ್ಲಿ ಯಾರಿಗೂ ಹೇಳದೆ ಪೂರ್ತಿ ಮುಗಿಸಿ ತೋರಿಸುವವನಿಗೆ ಮೆಚ್ಚುಗೆಗಿಂತ ಆತಂಕವೇ ಎದುರಾಗಬಹುದು. ಮತ್ತೊಂದು ದೇಶದ ಸಣ್ಣ ಕಂಪನಿಯಲ್ಲಿ ದಿನಕ್ಕೆರಡು ಬಾರಿ ವರದಿ ಒಪ್ಪಿಸುವವನು ಸ್ವಂತವಾಗಿ ಕೆಲಸ ಮಾಡಲಾರದವನೆಂದು ಕಾಣಿಸಿಕೊಳ್ಳಬಹುದು. ದೇಶದ ಹೆಸರು ಹಿಡಿದು ಅಲ್ಲಿನ ಜನ ಹೀಗೆಯೇ ಎಂದು ತೀರ್ಮಾನಿಸುವುದು ಸೋಮಾರಿತನ. ನೀವು ಕುಳಿತಿರುವ ಆ ಒಂದು ಕೋಣೆಯ ರೀತಿಯನ್ನು ತಿಳಿಯಬೇಕು.

ಅದಕ್ಕೆ ಗಮನಿಸಬೇಕಾದ ಸಂಗತಿಗಳು ಸಣ್ಣವು. ಸಭೆಯಲ್ಲಿ ಭಿನ್ನಾಭಿಪ್ರಾಯವನ್ನು ಯಾರು, ಯಾವ ಮಾತಿನಿಂದ ಶುರುಮಾಡುತ್ತಾರೆ? ಹಿರಿಯರನ್ನು ಹೆಸರು ಹಿಡಿದು ಕರೆಯುತ್ತಾರೋ, ಹುದ್ದೆಯಿಂದಲೋ? ಇಮೇಲ್ ಎರಡು ಸಾಲಿನದೋ, ಎರಡು ಪ್ಯಾರಾದ್ದೋ? ಬಾಗಿಲು ಮುಚ್ಚಿದ್ದರೆ ತಟ್ಟಬಹುದೋ, ಕಾಯಬೇಕೋ? ಎರಡನೆಯ ವಾರದಲ್ಲಿ ನಿಮಗಿಂತ ಒಂದೆರಡು ವರ್ಷ ಮೊದಲು ಸೇರಿದ ಸಹೋದ್ಯೋಗಿಯೊಬ್ಬರಿಗೆ ಈ ಪ್ರಶ್ನೆ ಹಾಕಿ: “ಇಲ್ಲಿ ಹೊಸಬರು ತಿಳಿಯದೆ ಮಾಡುವ ತಪ್ಪು ಯಾವುದು?” ಈ ಪ್ರಶ್ನೆಗೆ ಜನ ಖುಷಿಯಿಂದ ಉತ್ತರಿಸುತ್ತಾರೆ, ಅನೇಕ ಸಲ ತಾವೇ ಮಾಡಿದ ತಪ್ಪನ್ನು ಹೇಳಿಕೊಂಡು ನಗುತ್ತಾರೆ. ಮೊದಲ ಗೆಳೆತನ ಅಲ್ಲಿಂದಲೇ ಚಿಗುರುವುದೂ ಉಂಟು.

ಮೂರನೆಯ ಹೆಜ್ಜೆ: “ಅರ್ಥವಾಗಲಿಲ್ಲ” ಎನ್ನುವುದನ್ನು ರೂಢಿ ಮಾಡಿಕೊಳ್ಳಿ

ನನ್ನ ಮಟ್ಟಿಗೆ ಇಡೀ ಇಂಟರ್ನ್‌ಶಿಪ್‌ನ ಅತ್ಯಂತ ಕಷ್ಟದ ಪಾಠ ಇದೇ ಆಗಿತ್ತು. ಒಂದು ಪ್ರಯೋಗಾಲಯದಲ್ಲಿ ನನ್ನ ಮೊದಲ ಕೆಲಸ, ಸಂವೇದಕಗಳಿಂದ ಬಂದ ಅಳತೆಗಳನ್ನು “ಸ್ವಚ್ಛಗೊಳಿಸಿ” ಕೊಡುವುದು. ಮಾರ್ಗದರ್ಶಕಿ ಐದು ನಿಮಿಷ ವಿವರಿಸಿ “ಸರಿಯೇ?” ಎಂದರು. ಅವರ ಉಚ್ಚಾರಣೆಯಲ್ಲಿ ಅರ್ಧದಷ್ಟು ನನಗೆ ದಕ್ಕಿರಲಿಲ್ಲ, ಆದರೂ ತಲೆಯಾಡಿಸಿದೆ. ನಾಲ್ಕು ದಿನ ಕುಳಿತು, ಸರಾಸರಿಯಿಂದ ದೂರ ಚಿಮ್ಮಿದ ಬಿಂದುಗಳನ್ನೆಲ್ಲ ಒಂದೂ ಬಿಡದೆ ತೆಗೆದುಹಾಕಿ, ನೀರಿನಂತೆ ನಯವಾದ ಗ್ರಾಫ್ ತಯಾರಿಸಿ ಹೆಮ್ಮೆಯಿಂದ ತೋರಿಸಿದೆ. ಅವರು ಪರದೆಯನ್ನೇ ನೋಡುತ್ತ ನಿಂತರು. ಬಳಿಕ ಮಾರ್ಕರ್ ಎತ್ತಿಕೊಂಡು ಬಿಳಿ ಹಲಗೆಯ ಮೇಲೆ ಚೂಪಾದ ಮೂರು ಶಿಖರಗಳನ್ನು ಗೀಚಿ, “ನಾನು ಹುಡುಕುತ್ತಿರುವುದು ಇವನ್ನೇ” ಎಂದರು. ನಾನು ಗುಡಿಸಿ ಎಸೆದದ್ದು ಅದನ್ನೇ ಆಗಿತ್ತು. ಅವರಿಗೆ ಬೇಕಾಗಿದ್ದದ್ದು ಎರಡೆರಡು ಬಾರಿ ದಾಖಲಾದ ಸಾಲುಗಳನ್ನೂ ಖಾಲಿ ಸಾಲುಗಳನ್ನೂ ತೆಗೆಯುವುದು ಮಾತ್ರ.

ಮೂಲ ಕಡತ ಉಳಿದಿತ್ತು, ಹಾಗಾಗಿ ಹೆಚ್ಚಿನ ಅನಾಹುತವಾಗಲಿಲ್ಲ. ಅಂದಿನಿಂದ ನಾನು ಹಿಡಿದ ಪದ್ಧತಿಯನ್ನು ನಿಮಗೂ ಹೇಳುತ್ತೇನೆ. ಕೆಲಸ ಹೇಳಿಸಿಕೊಂಡ ಕೂಡಲೇ ಅದನ್ನು ನಿಮ್ಮ ಮಾತಿನಲ್ಲಿ ಮರಳಿ ಹೇಳಿ: “ಹಾಗಾದರೆ ನಾನು ಮೊದಲು ಇದನ್ನು ಮಾಡಿ, ಇಂಥ ದಿನ ಇಷ್ಟನ್ನು ತೋರಿಸಬೇಕು, ಸರಿತಾನೇ?” ಉಚ್ಚಾರಣೆಯ ತೊಡಕಿದ್ದರೆ ಅದೇ ಮಾತನ್ನು ಸಂಜೆ ಮೂರು ಸಾಲಿನ ಇಮೇಲ್ ಮಾಡಿ. ಕೆಲಸದ ಐದನೇ ಒಂದು ಭಾಗವಾದೊಡನೆ ತೋರಿಸಿ. ದಿಕ್ಕು ತಪ್ಪಿದ್ದರೆ ಅಲ್ಲೇ ತಿಳಿಯುತ್ತದೆ. ಎಲ್ಲಾದರೂ ಸಿಕ್ಕಿಬಿದ್ದರೆ ಅರ್ಧ ಗಂಟೆ ನೀವೇ ಹೆಣಗಿ, ಆಮೇಲೆ ಕೇಳಿ. ಕೇಳುವಾಗ ಬರಿಗೈಯಲ್ಲಿ ಹೋಗದೆ, ಏನೇನು ಪ್ರಯತ್ನಿಸಿದಿರಿ, ಏನಾಯಿತು, ತೊಂದರೆ ಎಲ್ಲಿರಬಹುದೆಂದು ನಿಮ್ಮ ಊಹೆ, ಇಷ್ಟನ್ನು ಜೊತೆಗೆ ಒಯ್ಯಿರಿ. ಹೀಗೆ ಬಂದ ಪ್ರಶ್ನೆಯನ್ನು ಯಾವ ಹಿರಿಯರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಗೊತ್ತಿಲ್ಲವೆಂದು ಒಪ್ಪಿಕೊಂಡರೆ ಮರ್ಯಾದೆ ಹೋಗುತ್ತದೆ ಎಂಬ ಭಯ ಒಂದೇ ದಿನದಲ್ಲಿ ಹೋಗುವುದಿಲ್ಲ. ಹತ್ತು ಬಾರಿ ಕೇಳಿಯೂ ಏನೂ ಆಗದಿದ್ದಾಗ ತಾನಾಗಿ ಸಡಿಲವಾಗುತ್ತದೆ.

ನಾಲ್ಕನೆಯ ಹೆಜ್ಜೆ: ಕುಗ್ಗುವ ದಿನಗಳಿಗೆ ಮೊದಲೇ ವ್ಯವಸ್ಥೆ ಮಾಡಿ

ಪರಿಚಿತ ಸಂಜ್ಞೆಗಳೆಲ್ಲ ಇಲ್ಲವಾದಾಗ ಹುಟ್ಟುವ ಕಳವಳವನ್ನು ಮಾನವಶಾಸ್ತ್ರಜ್ಞ ಕಾಲೆರ್ವೊ ಓಬರ್ಗ್ 1954ರ ಒಂದು ಉಪನ್ಯಾಸದಲ್ಲಿ ‘ಕಲ್ಚರ್ ಶಾಕ್’ ಎಂಬ ಹೆಸರಿನಲ್ಲಿ ವಿವರಿಸಿದರು. ಮರುವರ್ಷ ಸ್ವೆರ್ರೆ ಲೀಸ್‌ಗಾರ್ಡ್ ಎಂಬ ನಾರ್ವೆಯ ಸಮಾಜವಿಜ್ಞಾನಿ, ಅಮೆರಿಕಕ್ಕೆ ಹೋಗಿಬಂದ ಸುಮಾರು 200 ಮಂದಿ ನಾರ್ವೇಜಿಯನ್ ಫುಲ್‌ಬ್ರೈಟ್ (ಅಮೆರಿಕ ಸರ್ಕಾರದ ವಿನಿಮಯ ವಿದ್ಯಾರ್ಥಿವೇತನ) ವಿದ್ವಾಂಸರ ಅನುಭವವನ್ನು ಪರಿಶೀಲಿಸಿ, ಹೊಂದಾಣಿಕೆಯು ಮೊದಲು ಚೆನ್ನಾಗಿದ್ದು ನಡುವೆ ಕುಸಿದು ಮತ್ತೆ ಏರುತ್ತದೆ ಎಂದರು. ಅದೇ ‘ಯು’ ಆಕಾರದ ಗೆರೆ ಇಂದಿಗೂ ಹೊರಡುವ ಮುನ್ನಿನ ತರಬೇತಿಗಳಲ್ಲಿ ಕಾಣಿಸುತ್ತದೆ. ಆದರೆ ಅದನ್ನು ಪಂಚಾಂಗದಂತೆ ನಂಬಬೇಡಿ. ಮೊದಲ ದಿನಗಳೇ ಅತಿ ಭಾರವಾಗಿರುವವರು ಅನೇಕರೆಂದು ನಂತರದ ಸಂಶೋಧನೆಗಳು ತೋರಿಸಿವೆ, ಮೂರು ತಿಂಗಳ ಇಂಟರ್ನ್‌ಶಿಪ್‌ನಲ್ಲಿ ಆ ಗೆರೆ ಪೂರ್ತಿಯಾಗುವಷ್ಟು ಪುರಸೊತ್ತೂ ಇರುವುದಿಲ್ಲ.

ಆದ್ದರಿಂದ ಅಲ್ಲಿಗೆ ಹೋದ ಮೊದಲ ವಾರದಲ್ಲೇ ಕೆಲಸದ ಹೊರಗೆ ಒಂದು ನಿಯತ ಚಟುವಟಿಕೆಗೆ ಸೇರಿಕೊಳ್ಳಿ. ಓಟದ ಗುಂಪೋ ಗ್ರಂಥಾಲಯದ ಭಾಷಾಕೂಟವೋ ಯಾವುದಾದರೂ ಸರಿ. ಅದೇ ಮುಖಗಳು ಪ್ರತಿ ವಾರ ಸಿಗಬೇಕು. ಮನೆಯವರೊಂದಿಗೆ ಮಾತಾಡಲು ದಿನ, ಸಮಯ ಗೊತ್ತುಮಾಡಿಕೊಳ್ಳಿ. ದಿನಕ್ಕೆ ಮೂರು ಗಂಟೆ ವಿಡಿಯೊ ಕರೆಯಲ್ಲಿ ಇರುವವರ ದೇಹ ಒಂದು ದೇಶದಲ್ಲಿ, ಮನಸ್ಸು ಇನ್ನೊಂದರಲ್ಲಿ ಇರುತ್ತದೆ. ನಿದ್ದೆಯನ್ನು ಬಲಿಕೊಡಬೇಡಿ. ಬೇಸರ, ನಿರಾಸಕ್ತಿ, ನಿದ್ದೆಯ ಏರುಪೇರು ಎರಡು ವಾರ ಕಳೆದರೂ ಹೋಗದಿದ್ದರೆ ಅದನ್ನು ಮನೆಯ ನೆನಪೆಂದು ತಳ್ಳಿಹಾಕದೆ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿರಿ. ನಿಮ್ಮ ವಿಮೆಯಲ್ಲಿ ಮಾನಸಿಕ ಆರೋಗ್ಯವೂ ಸೇರಿದೆಯೇ ಎಂಬುದನ್ನು ಹೊರಡುವ ಮೊದಲೇ ನೋಡಿಕೊಂಡಿರಬೇಕು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಎಲ್ಲ ಕಷ್ಟವೂ ಬೆಳೆಸುವ ಕಷ್ಟವಲ್ಲ. ಹೊಸ ಕೆಲಸದ ಮುಜುಗರ ಬೆಳೆಸುತ್ತದೆ, ಅವಮಾನ ಬೆಳೆಸುವುದಿಲ್ಲ. ಪಾಸ್‌ಪೋರ್ಟ್ ಕಸಿದಿಟ್ಟುಕೊಳ್ಳುವುದು, ಒಪ್ಪಂದಕ್ಕೆ ಮೀರಿ ದಿನವೂ ದುಡಿಸುವುದು, ಕಿರುಕುಳ ಕೊಡುವುದು ಇವು ಸಹಿಸಿಕೊಂಡು ಗಟ್ಟಿಯಾಗಬೇಕಾದ ಅನುಭವಗಳಲ್ಲ. ದಿನಾಂಕ ಸಮೇತ ಬರೆದಿಡಿ, ಕಳುಹಿಸಿದ ವಿದ್ಯಾಸಂಸ್ಥೆಗೆ ಅಥವಾ ಪ್ರಾಯೋಜಕ ಸಂಸ್ಥೆಗೆ ಕೂಡಲೇ ತಿಳಿಸಿ, ಬೇಕಾದರೆ ರಾಯಭಾರ ಕಚೇರಿಯ ನೆರವು ಕೇಳಿ. ನಡುವೆ ಬಿಟ್ಟು ಬರುವುದೂ ಒಂದು ಪ್ರೌಢ ತೀರ್ಮಾನವಾಗಬಲ್ಲದು.

ಐದನೆಯ ಹೆಜ್ಜೆ: ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಬರೆಯಿರಿ

ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಸಹೋದ್ಯೋಗಿಯೊಡನೆ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷದಂತೆ ಬರೆದಿದ್ದರು. ಮನಸ್ಸನ್ನು ಕಲಕಿದ ಘಟನೆಯನ್ನೂ ಅದರೊಂದಿಗಿನ ಭಾವನೆಯನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ನಮಗೆ ಇಲ್ಲಿ ಬೇಕಾದದ್ದೂ ಆ ಜೋಡಣೆಯೇ: ನಡೆದದ್ದು, ಅನ್ನಿಸಿದ್ದು ಎರಡೂ ಒಂದೇ ಪುಟದಲ್ಲಿ ಇರಬೇಕು. “ಇಂದು ಸಭೆ ಚೆನ್ನಾಗಿತ್ತು” ಎಂಬಂಥ ದಿನಚರಿಯಿಂದ ಮುಂದೆ ಏನೂ ಉಪಯೋಗವಿಲ್ಲ.

ನನ್ನ ಪುಸ್ತಕದ ಒಂದು ಪುಟ ಹೀಗಿದೆ: “ಮಂಗಳವಾರದ ಸಭೆಯಲ್ಲಿ, ನನಗಿಂತ ಒಂದೇ ವರ್ಷ ದೊಡ್ಡವಳಾದ ಇಂಟರ್ನ್ ಒಬ್ಬಳು ವಿಭಾಗದ ಮುಖ್ಯಸ್ಥರ ಲೆಕ್ಕದಲ್ಲಿ ತಪ್ಪಿದೆ ಎಂದಳು. ಅವರು ಕನ್ನಡಕ ತೆಗೆದು ಪರದೆಯ ಹತ್ತಿರ ಹೋಗಿ ನೋಡಿ ‘ಹೌದು’ ಎಂದರು. ಸಭೆ ಮುಂದುವರಿಯಿತು. ನನ್ನ ಅಂಗೈ ಬೆವತಿತ್ತು.” ಇದರ ಕೆಳಗೆ ಎರಡು ಪ್ರಶ್ನೆಗಳು. ಅವಳು ಮಾತಾಡಿದರೆ ನನ್ನ ಕೈ ಬೆವತದ್ದು ಏಕೆ? ಹಿರಿಯರ ತಪ್ಪನ್ನು ಎತ್ತಿ ತೋರಿಸಬಾರದೆಂಬುದು ನಾನು ಯೋಚಿಸಿ ಒಪ್ಪಿಕೊಂಡ ಮಾತೋ, ಯಾರೋ ಕಲಿಸಿದ್ದೋ? ಮೂರು ವಾರದ ಬಳಿಕ ಅದೇ ಪುಟದ ಅಂಚಿನಲ್ಲಿ ಉತ್ತರವಿದೆ: ಗೌರವ ನನ್ನದು, ಹೆದರಿಕೆ ನನ್ನದಲ್ಲ, ಮೊದಲನೆಯದನ್ನು ಇಟ್ಟುಕೊಳ್ಳುತ್ತೇನೆ. 2018ರ ಸಂಶೋಧನೆ ಹೇಳಿದ ಯೋಚನೆ ಇಂಥದ್ದೇ. ಅಲ್ಲಿನದೆಲ್ಲ ಮೇಲು, ನಮ್ಮದೆಲ್ಲ ಕೀಳು ಎಂಬ ನಿರ್ಣಯಕ್ಕೂ ಅದರ ವಿಲೋಮಕ್ಕೂ ಇಲ್ಲಿ ಕೆಲಸವಿಲ್ಲ. ಒಂದೊಂದು ಅಭ್ಯಾಸವನ್ನೂ ಬಿಡಿಯಾಗಿ ಎತ್ತಿಕೊಂಡು ಬೇಕೋ ಬೇಡವೋ ಎಂದು ನೋಡಬೇಕು.

ಆರನೆಯ ಹೆಜ್ಜೆ: ಪರಿಚಯದ ವಲಯವನ್ನು ಬೇಕೆಂದೇ ಹಿಗ್ಗಿಸಿ

ನಮ್ಮ ಭಾಷೆಯವರು ಸಿಕ್ಕರೆ ಸಂತೋಷಪಡಿ. ಅವರಿಂದ ದೂರವಿರಿ ಎಂಬ ಉಪದೇಶದಲ್ಲಿ ನನಗೆ ನಂಬಿಕೆಯಿಲ್ಲ, ಏಕೆಂದರೆ ಮನಸ್ಸು ಇಳಿಸಿಕೊಳ್ಳಲು ಒಂದು ಜಾಗ ಎಲ್ಲರಿಗೂ ಬೇಕು. ಎಲ್ಲ ಸಂಜೆಗಳೂ ಅಲ್ಲೇ ಕಳೆಯಬಾರದು, ಅಷ್ಟೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರ ಲೇಖನದಲ್ಲಿ ತೋರಿಸಿದಂತೆ, ಕೆಲಸದ ಸುದ್ದಿ ಬರುವುದು ಆಪ್ತರಿಗಿಂತ ಹೆಚ್ಚಾಗಿ ಅಪರೂಪಕ್ಕೆ ಕಾಣುವ ಪರಿಚಯಸ್ಥರಿಂದ. ಆಪ್ತರಿಗೆ ತಿಳಿದದ್ದು ಬಹುಪಾಲು ನಮಗೂ ತಿಳಿದೇ ಇರುತ್ತದೆ. ಕಚೇರಿಯ ಭಾಷೆ ಇಂಗ್ಲಿಷ್ ಆಗಿದ್ದರೂ ಊರಿನ ಭಾಷೆಯನ್ನು ಆರಂಭಿಕ ಮಟ್ಟದಷ್ಟಾದರೂ ಕಲಿಯಿರಿ. ತಪ್ಪುತಪ್ಪಾಗಿ ಮಾತಾಡಿ ನಗಿಸಿಕೊಂಡವನಿಗೆ ಎರಡನೆಯ ಸಲ ಬಾಯಿ ತೆರೆಯುವುದು ಸುಲಭ. ಆ ಸಲೀಸು ಭಾಷೆಗಷ್ಟೇ ನಿಲ್ಲುವುದಿಲ್ಲ.

ಏಳನೆಯ ಹೆಜ್ಜೆ: ಅರ್ಧ ಅವಧಿಯಲ್ಲಿ ಕೂತು ಮಾತಾಡಿ

ಅವಧಿ ಅರ್ಧ ಮುಗಿದಾಗ ಮಾರ್ಗದರ್ಶಕರ ಬಳಿ ಇಪ್ಪತ್ತು ನಿಮಿಷ ಕೇಳಿಕೊಳ್ಳಿ. “ನನ್ನ ಕೆಲಸ ಹೇಗಿದೆ?” ಎಂದರೆ “ಚೆನ್ನಾಗಿದೆ” ಎಂಬ ಉತ್ತರ ಸಿಗುತ್ತದೆ, ಅಲ್ಲಿಗೆ ಮುಗಿಯಿತು. “ಉಳಿದ ವಾರಗಳಲ್ಲಿ ನಾನು ಬದಲಿಸಬೇಕಾದ ಒಂದೇ ಒಂದು ಸಂಗತಿ ಯಾವುದು?” ಎಂದು ಕೇಳಿ. ಉತ್ತರ ಬಂದಾಗ ಸಮರ್ಥನೆಗೆ ಇಳಿಯದೆ ಬರೆದುಕೊಳ್ಳಿ, ಒಂದು ಉದಾಹರಣೆ ಕೇಳಿ. ಸಾಧ್ಯವಾದರೆ ಮೊದಲಿಂದ ಕೊನೆಯವರೆಗೆ ನಿಮ್ಮದೇ ಹೊಣೆಯಾಗಿರುವ ಸಣ್ಣ ಕೆಲಸವೊಂದನ್ನು ಕೇಳಿ ಪಡೆಯಿರಿ.

ಎಂಟನೆಯ ಹೆಜ್ಜೆ: ಕೆಲಸ ಒಪ್ಪಿಸಿ ಹೊರಡಿ

ಕೊನೆಯ ವಾರ ಹಸ್ತಾಂತರದ ಟಿಪ್ಪಣಿ ಸಿದ್ಧಪಡಿಸಿ: ಏನು ಮುಗಿದಿದೆ, ಏನು ಉಳಿದಿದೆ, ಕಡತಗಳು ಎಲ್ಲಿವೆ. ನಿಮ್ಮ ಕೆಲಸದಲ್ಲಿ ಯಾವುದನ್ನು ಹೊರಗೆ ತೋರಿಸಬಹುದೆಂದು ಲಿಖಿತವಾಗಿ ಕೇಳಿಕೊಳ್ಳಿ. ಪ್ರಮಾಣಪತ್ರವನ್ನು ಕೈಗೆ ತೆಗೆದುಕೊಂಡೇ ಹೊರಡಿ ಮತ್ತು ಅದರ ಭಾಷೆಯನ್ನು ಬಲ್ಲವರಿಂದ ಓದಿಸಿ. ಜರ್ಮನಿಯ ಸೇವಾ ಪ್ರಮಾಣಪತ್ರಗಳಿಗೆ ತಮ್ಮದೇ ಒಂದು ಸಂಕೇತಭಾಷೆಯಿದೆ: “ನಮಗೆ ತೃಪ್ತಿಯಾಗುವಂತೆ” ಕೆಲಸ ಮಾಡಿದರು ಎಂದರೆ ಕೇಳಲು ಹೊಗಳಿಕೆ, ಓದುವವರ ಲೆಕ್ಕದಲ್ಲಿ ಬರೀ ಪಾಸು, “ಸದಾ ನಮಗೆ ಸಂಪೂರ್ಣಾತಿಸಂಪೂರ್ಣ ತೃಪ್ತಿಯಾಗುವಂತೆ” ಎಂದಿದ್ದರೆ ಮಾತ್ರ ಉನ್ನತ ಶ್ರೇಣಿ.

ಒಂಬತ್ತನೆಯ ಹೆಜ್ಜೆ: ಮರಳಿದ ಮೇಲೆ ಲಕೋಟೆ ಒಡೆಯಿರಿ

ಮರಳಿ ಬಂದಾಗಲೂ ಒಂದು ಕುಸಿತ ಬರುತ್ತದೆ. 1963ರಲ್ಲಿ ಜಾನ್ ಮತ್ತು ಜೀನ್ ಗಲಾಹಾರ್ನ್ ಎಂಬ ಸಂಶೋಧಕ ದಂಪತಿ ಲೀಸ್‌ಗಾರ್ಡ್‌ರ ‘ಯು’ ಗೆರೆಗೆ ಊರಿಗೆ ಮರಳಿದ ನಂತರದ ಇಳಿತವನ್ನೂ ಸೇರಿಸಿ ‘ಡಬ್ಲ್ಯು’ ಆಕಾರ ಕೊಟ್ಟಿದ್ದರು. ಎಲ್ಲವೂ ಮೊದಲಿದ್ದಂತೆಯೇ ಇರುತ್ತದೆ, ನಿಮ್ಮ ಕಥೆಯನ್ನು ಹತ್ತು ನಿಮಿಷಕ್ಕಿಂತ ಹೆಚ್ಚು ಕೇಳಲು ಯಾರಿಗೂ ವ್ಯವಧಾನವಿರುವುದಿಲ್ಲ. ಬೇಸರಿಸಬೇಡಿ, ಹೋಗಿ ಬಂದ ಇನ್ನೊಬ್ಬರನ್ನು ಹುಡುಕಿಕೊಳ್ಳಿ.

ಎರಡು ವಾರ ಕಳೆದ ಮೇಲೆ ಲಕೋಟೆ ಒಡೆದು, ವಾರದ ಪುಟಗಳನ್ನು ಪಕ್ಕದಲ್ಲಿಟ್ಟುಕೊಂಡು ಓದಿ. ಪತ್ರದ ಪ್ರತಿ ಉತ್ತರದ ಎದುರು ಇಂದಿನ ಉತ್ತರವನ್ನು ಬರೆಯಿರಿ. ಬದಲಾಗದ ಸಾಲುಗಳೂ ಇರುತ್ತವೆ, ಅವನ್ನು ಹಾಗೆಯೇ ಬಿಡಿ. ಬದಲಾದ ಒಂದೆರಡು ಸಾಲುಗಳಿಗೆ ಸಂಬಂಧಿಸಿದ ಘಟನೆಯನ್ನು ಪುಟಗಳಿಂದ ಹೆಕ್ಕಿ, ಎರಡು ನಿಮಿಷದಲ್ಲಿ ಹೇಳುವಷ್ಟು ಚಿಕ್ಕದಾಗಿ ಸಿದ್ಧಮಾಡಿಕೊಳ್ಳಿ. ಮುಂದಿನ ಸಂದರ್ಶನದಲ್ಲಿ “ವಿದೇಶದಲ್ಲಿ ಏನು ಕಲಿತಿರಿ?” ಎಂದು ಕೇಳಿದಾಗ ‘ಹೊಂದಿಕೊಳ್ಳುವ ಗುಣ’ ಎನ್ನುವ ಬದಲು ಆ ಘಟನೆಯನ್ನೇ ಹೇಳಿ. ನಾನಂತೂ ಇಂದಿಗೂ, ಗುಡಿಸಿ ಎಸೆದ ಆ ಮೂರು ಶಿಖರಗಳ ಕಥೆಯನ್ನೇ ಹೇಳುತ್ತೇನೆ.